ಬೊಗಳದ ನಾಯಿಯ ಲಾರ್

ಫೆನ್ಲನ್ ಮನೆಗೆ ನಾನು ಸೊಸೆಯಾಗಿ ಬಂದ ದಿನ ಒಲೆಯ ಮುಂದಿನ ಒಳ್ಳೆಯ ಜಾಗದಲ್ಲಿ ಒಂದು ನಾಯಿ ಕೂತಿತ್ತು. ಮನುಷ್ಯರ ಹಾಗೆ ಕೂತಿತ್ತು. ಹಿಂಭಾಗದ ಮೇಲೆ ಭಾರ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಮುಂಗಾಲೆರಡನ್ನೂ ಎದೆಗೆ ಮಡಚಿಕೊಂಡು ಬೆಂಕಿಯನ್ನೇ ನೋಡುತ್ತಿತ್ತು. ನನ್ನ ಗಂಡ ಜೆಮ್ ಟ್ರಂಕು ಇಳಿಸಿ, "ಅಣ್ಣ, ಡೀಲಿಯಾ ಬಂದ್ಳು" ಎಂದ. ಒಲೆಯ ಇನ್ನೊಂದು ಪಕ್ಕದಿಂದ ಲಾರ್ ಎದ್ದು ಟೋಪಿ ತೆಗೆದ. ನನ್ನನ್ನು ನೋಡಿದ, ನಾಯಿಯನ್ನು ನೋಡಿದ.

"ಅದನ್ನ ಎಬ್ಬಿಸ್ಬೇಡ ಹುಡುಗಿ. ನಿನಗೆ ಬೇರೆ ಕುರ್ಚಿ ತರ್ತೀನಿ" ಎಂದ.

ಆ ಮನೆಯಲ್ಲಿ ನನ್ನ ಸ್ಥಾನ ಯಾವುದೆಂದು ಆಗಲೇ ಗೊತ್ತಾಯಿತು. ಲಾರ್ ನನ್ನ ಗಂಡನಿಗಿಂತ ಹನ್ನೆರಡು ವರ್ಷ ದೊಡ್ಡವನು, ಮದುವೆಯಾಗಿರಲಿಲ್ಲ. ಉದ್ದ ಮುಖ, ಕೆಂಪು ಕಿವಿ, ಮಾತು ಕಡಿಮೆ. ನನಗೆ ಮೊಮ್ಮಕ್ಕಳಾದ ಮೇಲೂ ನನ್ನನ್ನು ಹುಡುಗಿ ಎಂದೇ ಕರೆದ.

ನಾನು ಬಾಲ್ಟಿಂಗ್ಲಾಸ್ ಪೇಟೆಯವಳು, ಜೋಡು ಹೊಲಿಯುವವನ ಮಗಳು. ಪೇಟೆಯಿಂದ ಇಮಾಲ್ ಕಣಿವೆಗೆ ಸೈಕಲ್ಲಿನಲ್ಲಿ ಬಂದುಬಿಡಬಹುದು. ಆದರೂ ಇಲ್ಲಿಯ ನಾಯಿಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕುಳ್ಳ ಕಾಲು, ಮುಂಗಾಲು ಬಿಲ್ಲಿನಂತೆ ಬಾಗಿ ಪಾದ ಹೊರಕ್ಕೆ ತಿರುಗಿರುತ್ತದೆ. ಮೇಲೆ ದೊಡ್ಡ ನಾಯಿಯೊಂದರ ತಲೆ. ಒಣಹುಲ್ಲಿನ ಬಣ್ಣದ ಒರಟು ಕೂದಲು. "ಮೂರು ನಾಯಿಗಳ ಚೂರು ಸೇರಿಸಿ ಹೊಲಿದ ಹಾಗಿದೆ" ಎಂದು ನಾನು ಅಂದಾಗ ಜೆಮ್ ನಕ್ಕ. ಲಾರ್ ನಗಲಿಲ್ಲ.

"ಇಂಗ್ಲೆಂಡಿನ ರಾಣಿಯೊಬ್ಬಳು ಇಲ್ಲಿನ ದಂಗೆ ಅಡಗಿಸೋಕೆ ದೂರದ ದೇಶದಿಂದ ಬಾಡಿಗೆ ಸಿಪಾಯಿಗಳನ್ನ ಕರೆಸಿದ್ಳಂತೆ" ಎಂದ ಅವನು, ಬೆಂಕಿಗೆ ಹೇಳುವವನ ಹಾಗೆ. "ಸಂಬಳಕ್ಕೆ ಬದಲು ಯಾರಿಗೂ ಬೇಡವಾದ ಈ ಕಲ್ಲುನೆಲ ಕೊಟ್ಳಂತೆ. ಅವರ ಕುಳ್ಳ ಬೇಟೆನಾಯಿ, ನಮ್ಮ ಊರಿನ ನಾಯಿ ಸೇರಿ ಇದಾಯ್ತಂತೆ."

"ಇದೆಲ್ಲ ನಿಜಾನಾ?"

"ಸಿಪಾಯಿಗಳು ಹೋದ್ರು. ನಾಯಿ ಉಳೀತು. ಅಷ್ಟು ನಿಜ."

ಅವನ ಬಾಯಿಂದ ಉದ್ದವಾದ ಮಾತು ಬರುತ್ತಿದ್ದುದು ನಾಯಿಯ ವಿಷಯಕ್ಕೆ ಮಾತ್ರ. ಅಜ್ಜಿಯ ಕಾಲದಲ್ಲಿ ನಾಯಿ ಮರದ ಚಕ್ರದೊಳಗೆ ನಡೆದೂ ನಡೆದೂ ಬೆಣ್ಣೆ ಕಡೆಯುತ್ತಿತ್ತಂತೆ. ದೊಡ್ಡವರ ಅಡುಗೆಮನೆಗಳಲ್ಲಿ ಮಾಂಸ ಚುಚ್ಚಿದ ಸಲಾಕೆ ತಿರುಗಿಸುತ್ತಿತ್ತಂತೆ. ಅದನ್ನು ಕಟ್ಟುಕತೆ ಎನ್ನುವವರೂ ಕಣಿವೆಯಲ್ಲಿದ್ದರು. ಆದರೆ ನಾನೇ ಕಂಡದ್ದೂ ಇದೆ. ಓಟ್ಸ್ ಬಣವೆ ಒಕ್ಕುವ ದಿನ, ತಳದ ಕಂತೆ ಎತ್ತಿದ ಕೂಡಲೇ ಇಲಿಗಳು ನೀರು ಚೆಲ್ಲಿದಂತೆ ಹರಿಯುವಾಗ, ಆ ಬಾಗುಕಾಲಿನ ನಾಯಿ ಅವಸರವೇ ಇಲ್ಲದೆ ಒಂದೊಂದನ್ನೇ ಎತ್ತಿ ಕೊಡವಿ ಎಸೆಯುತ್ತಿತ್ತು. ಹಗಲೆಲ್ಲ ಆ ಕೆಲಸ ಮಾಡಿ, ಸಂಜೆ ನಮ್ಮ ಕೂಸಿನ ತೊಟ್ಟಿಲ ಕೆಳಗೆ ಮಲಗುತ್ತಿತ್ತು. ಕುರಿಮರಿ ಹುಟ್ಟುವ ಕಾಲಕ್ಕೆ ನರಿಯ ಬಿಲಕ್ಕೆ ಇಳಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಬ್ಯಾಡ್ಜರ್. ಮುಖಕ್ಕೆ ಬಿಳಿ ಪಟ್ಟೆ, ಕರಡಿಮರಿಯಂಥ ಅಗಲ ಮೈ, ಮೂಳೆ ಮುರಿಯುವ ದವಡೆ. ನೆಲದಡಿಯ ಕತ್ತಲೆಯಲ್ಲಿ ಅದರ ಎದುರು ನಿಲ್ಲುವ ನಾಯಿಗೆ ಮಾತ್ರ ಕಣಿವೆಯಲ್ಲಿ ಮರ್ಯಾದೆ.

ಬೇರೆ ಸೀಮೆಗಳ ಟೆರಿಯರ್ ಜಾತಿಯ ನಾಯಿ ಬಿಲದೊಳಗೆ ಹೋಗಿ ಬೊಗಳುತ್ತದೆ. ಆ ಸದ್ದು ಹಿಡಿದು ಮೇಲಿನವರು ಅಗೆಯುತ್ತಾರೆ. ಇಮಾಲ್ ನಾಯಿಗೆ ಅದು ಸಲ್ಲ. ಅದು ಸದ್ದಿಲ್ಲದೆ ಹೋಗಬೇಕು, ಸದ್ದಿಲ್ಲದೆ ಹಿಡಿಯಬೇಕು, ಎಳೆದು ತರಬೇಕು. ವರ್ಷಕ್ಕೊಮ್ಮೆ ಬೆಟ್ಟದ ಬುಡದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಒಬ್ಬ ಗಡಿಯಾರ ಹಿಡಿದಿರುತ್ತಿದ್ದ. ಇನ್ನೊಬ್ಬ ಬಿಲದ ಮೇಲೆ ಬೋರಲು ಮಲಗಿ ಮಣ್ಣಿಗೆ ಕಿವಿ ಕೊಟ್ಟಿರುತ್ತಿದ್ದ. ಒಳಗಿನಿಂದ ಒಂದು ಬೊಗಳು, ಒಂದು ಕುಂಯ್ ಕೇಳಿಸಿದರೂ ಅವನು ಕೈ ಎತ್ತುತ್ತಿದ್ದ. ಕೈ ಎದ್ದರೆ ನಾಯಿ ಸೋತಂತೆ. ಕಿವಿ ಕೊಟ್ಟವನ ಮಾತೇ ಕೊನೆಯ ಮಾತು. ಗೆದ್ದ ನಾಯಿಗೆ ಒಂದು ಪ್ರಮಾಣಪತ್ರ. ನಾವು ಅದನ್ನು ದೊಡ್ಡ ಪತ್ರ ಎನ್ನುತ್ತಿದ್ದೆವು.

ಮಾವನವರ ನಾಯಿ ಆ ಪರೀಕ್ಷೆಯಲ್ಲಿ ಬಿಲದ ಬಾಯಲ್ಲೇ ಬೊಗಳಿತ್ತು. ಒಂದೇ ಬೊಗಳು. ಆಗ ಮಣ್ಣಿಗೆ ಕಿವಿ ಕೊಟ್ಟಿದ್ದವನು ಮ್ಯಾಟಿ ಟೂಲ್, ನಮ್ಮ ಕೆಳಗಿನ ಹೊಲದವನು. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತ, "ಪೀಟರ್, ನಿನ್ನ ನಾಯಿ ಒಳಗೆ ಹೋಗಿ ಹಾಡು ಶುರು ಮಾಡ್ತಲ್ಲೋ" ಎಂದಿದ್ದನಂತೆ. ಅಂದಿನಿಂದ ಅವರ ಮನೆಗೆ ಗಾಯನ ಮಂಡಳಿ ಎಂದು ಹೆಸರಾಯಿತು. ಚರ್ಚಿನ ಭಾನುವಾರದ ಪೂಜೆಯಲ್ಲಿ ಹಾಡು ಎದ್ದಾಗಲೆಲ್ಲ ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಮಾವನವರನ್ನು ನೋಡುತ್ತಿದ್ದರಂತೆ. ಮಾವ ತೀರಿಕೊಂಡ ದಿನವೂ ಬಾಗಿಲಲ್ಲಿ ಯಾರೋ ಮೆಲ್ಲಗೆ, "ಗಾಯನ ಮಂಡಳಿಯ ಯಜಮಾನ ಹೋದ" ಎಂದದ್ದು ಲಾರ್‌ನ ಕಿವಿಗೆ ಬಿತ್ತು.

ದೊಡ್ಡ ಪತ್ರ ಈ ಮನೆಗೆ ತರಬೇಕು. ಲಾರ್ ಬೇರೇನನ್ನೂ ಬೇಡಿದವನಲ್ಲ.

ನಾನು ಬಂದ ಮರುವರ್ಷ ಒಲೆ ಮುಂದಿನ ಆ ನಾಯಿ ಮರಿ ಹಾಕಿತು. ಅದರಲ್ಲೊಂದು ತುರಚಿ ಗಿಡಗಳ ನಡುವೆ ಬಿದ್ದು, ಮೂತಿಯೆಲ್ಲ ಊದಿಸಿಕೊಂಡು, ಒಂದಿಷ್ಟೂ ಕುಂಯ್ಗುಡದೆ ತಾನೇ ಈಚೆ ಬಂತು. ಲಾರ್ ಅದನ್ನು ಎತ್ತಿಕೊಂಡ. ಆ ಗಿಡದ ಹೆಸರನ್ನೇ ಇಟ್ಟ: ನೆಟಲ್.

ಅವನು ನೆಟಲ್‌ಗೆ ಒಮ್ಮೆಯೂ ಹೊಡೆಯಲಿಲ್ಲ. ಮರಿ ಬೊಗಳಿದಾಗಲೆಲ್ಲ ಅದರ ಮೂತಿಯನ್ನು ಅಂಗೈಯಲ್ಲಿ ಮೆತ್ತಗೆ ಮುಚ್ಚಿ, ಬಗ್ಗಿ, ಕಿವಿಯ ಹತ್ತಿರ, "ಶ್... ನಾನಿದ್ದೀನಿ" ಎನ್ನುತ್ತಿದ್ದ. ಅಷ್ಟೇ. ಆ ಕೈಯಲ್ಲಿ ಹಂದಿಮಾಂಸದ ಒಂದು ತುಣುಕು ಇರುತ್ತಿತ್ತು. ಕೆಲವು ತಿಂಗಳಿಗೆ ತುಣುಕು ಬೇಕಾಗಲಿಲ್ಲ. ಒಂದು ವರ್ಷಕ್ಕೆ ಕೈಯೂ ಬೇಕಾಗಲಿಲ್ಲ. ಲಾರ್‌ನ ದನಿ ಕೇಳಿದರೆ ಸಾಕು, ನೆಟಲ್ ಇದ್ದಲ್ಲೇ ಮೌನವಾಗಿ ನಿಂತು ಬಾಲ ಮಾತ್ರ ಅಲ್ಲಾಡಿಸುತ್ತಿತ್ತು. ಅಂಚೆಯವನಿಗೆ ಬೊಗಳುತ್ತಿರಲಿಲ್ಲ. ಗುಡುಗಿಗೆ ಬೊಗಳುತ್ತಿರಲಿಲ್ಲ.

"ಇದು ನಾಯಿ ಅಲ್ಲ, ಮೀನು" ಎಂದೆ ನಾನು. "ಕಳ್ಳ ಬಂದ್ರೆ ಯಾರು ಹೇಳ್ತಾರೆ?"

"ಕಳ್ಳ ನಿನ್ನ ಬ್ರೆಡ್ ತಿಂದ್ರೆ ಅವನೇ ಕೂಗ್ತಾನೆ ಬಿಡು" ಎಂದ ಜೆಮ್. ಅವತ್ತು ನಾನು ಸೋಡಾ ಬ್ರೆಡ್ ಸುಟ್ಟಿದ್ದೆ.

ಒಂದು ಮಧ್ಯಾಹ್ನ ನಾನು ಆಲೂಗೆಡ್ಡೆ ಸುಲಿಯುತ್ತಿದ್ದಾಗ ನೆಟಲ್ ಒಳಗೆ ಬಂದು ನನ್ನ ಪಕ್ಕ ನಿಂತಿತು. ಎಷ್ಟೋ ಹೊತ್ತಿನ ಮೇಲೆ ನೆಲದ ಕಲ್ಲಿನ ಮೇಲೆ ರಕ್ತದ ಗುರುತು ಕಂಡೆ. ಮುಂಗಾಲಿನ ಮೇಲೆ ಗಾಡಿಯ ಚಕ್ರ ಹರಿದಿತ್ತು. ಎರಡು ಉಗುರು ಕಿತ್ತುಹೋಗಿದ್ದವು. ನಾನು ಕಿರುಚಿ ಲಾರ್‌ನನ್ನು ಕರೆದೆ. ಅವನು ಓಡಿಬಂದ, ಕಾಲು ತೊಳೆದ, ಬಟ್ಟೆ ಸುತ್ತಿದ. ಸುತ್ತುತ್ತ ಕೇಳಿದ, "ಚೂರೂ ಸದ್ದು ಮಾಡ್ಲಿಲ್ವಾ?"

"ಇಲ್ಲ. ಬಂದು ಸುಮ್ನೆ ನಿಂತಿತ್ತು. ನಾನು ನೋಡದೇ ಇದ್ದಿದ್ರೆ ಹಾಗೇ ನಿಂತಿರ್ತಿತ್ತು. ಲಾರ್, ನೋವಾದ್ರೆ ಹೇಳ್ಕೊಳ್ಳೋಕಾದ್ರೂ ಬಿಡು ಅದಕ್ಕೆ."

ಅವನು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣು ಹೊಳೆಯುತ್ತಿತ್ತು. "ಚೂರೂ ಇಲ್ಲ" ಎಂದು ತನಗೆ ತಾನೇ ಇನ್ನೊಮ್ಮೆ ಹೇಳಿಕೊಂಡ.

ಆ ಬೇಸಿಗೆಯ ಪರೀಕ್ಷೆಗೆ ನಾನೂ ಹೋಗಿದ್ದೆ. ನಾವು ಹೆಂಗಸರು ಬೇಲಿಯ ಹೊರಗೆ ಕೂತು ಮುಕ್ಕಾಲು ಪಾಲು ಬೇರೆ ವಿಷಯ ಮಾತಾಡುತ್ತಿದ್ದೆವು. ನೆಟಲ್ ಬಿಲದೊಳಗೆ ಹೋಯಿತು. ಮ್ಯಾಟಿ ಟೂಲ್ ಮಣ್ಣಿಗೆ ಕಿವಿ ಕೊಟ್ಟು ಮಲಗಿದ. ಲಾರ್ ಬೇಲಿಗೂಟ ಹಿಡಿದು ನಿಂತಿದ್ದ. ಹೊತ್ತು ಸರಿಯಿತು. ಮಣ್ಣು ಅದುರಿತು, ಒಳಗೆ ಏನೋ ಉರುಳಿದ ಹಾಗಾಯಿತು, ಮತ್ತೆ ನಿಶ್ಶಬ್ದ. ಕೊನೆಗೆ ಬಿಲದ ಬಾಯಲ್ಲಿ ನೆಟಲ್‌ನ ಹಿಂಭಾಗ ಕಾಣಿಸಿತು, ಹಿಂದೆ ಹಿಂದೆ ಸರಿಯುತ್ತ, ತನ್ನಷ್ಟೇ ತೂಕದ ಪ್ರಾಣಿಯನ್ನು ಎಳೆಯುತ್ತ. ಆ ಬ್ಯಾಡ್ಜರ್ ತಾನೇನು ತಪ್ಪು ಮಾಡಿತ್ತು ಎಂದು ಆ ದಿನ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಮ್ಯಾಟಿ ಎದ್ದು ಕಿವಿಯ ಮಣ್ಣು ತೆಗೆದ. "ಒಳಗೆ ಹೋಗಿ ನಿದ್ದೆ ಮಾಡ್ತೋ ಅಂದ್ಕೊಂಡೆ ಮಾರಾಯ. ನನ್ನ ಹೆಂಡತಿನ ನಿನ್ನ ಹತ್ರ ಒಂದು ವರ್ಷ ಬಿಡ್ಲಾ, ತರಬೇತಿಗೆ?"

ಎಲ್ಲರೂ ನಕ್ಕರು. ಮ್ಯಾಟಿಯ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. "ಕಿವಿ ಕೇಳದ ಗಂಡಸಿಗೆ ಹೆಂಡತಿ ಬೊಗಳಿದ್ರೇನು, ಬಿಟ್ರೇನು" ಎಂದಳು. ಆಗ ಇನ್ನೂ ಹೆಚ್ಚು ನಕ್ಕರು. ಮ್ಯಾಟಿ ಲಾರ್‌ನ ಕೈ ಕುಲುಕಿ, ದನಿ ತಗ್ಗಿಸಿ, "ಗಾಯನ ಮಂಡಳಿ ಇವತ್ತಿಗೆ ಮುಚ್ಚಿತು. ನಿಮ್ಮಪ್ಪ ಇರಬೇಕಿತ್ತು" ಎಂದ. ಲಾರ್ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಂದೆ ಅಳಬೇಕಾದಾಗ ಅವನು ಅಳಲಿಲ್ಲ.

ಪತ್ರಕ್ಕೆ ಕಟ್ಟು ಹಾಕಿಸಿ ಒಲೆಯ ಮೇಲೆ ತೂಗುಹಾಕಿದ. ನೆಟಲ್‌ನ ಮರಿಗಾಗಿ ದೂರದ ಕಾರ್ಲೋದಿಂದಲೂ ಜನ ಕೇಳಿಕೊಂಡು ಬಂದರು. ಲಾರ್ ನೆಟ್ಟಗೆ ನಡೆಯತೊಡಗಿದ. ಪೂಜೆಗೆ ಹೋದಾಗ ಮುಂದಿನ ಬೆಂಚಿಗೆ ಹೋಗಿ ಕೂತ. ಎರಡು ವರ್ಷ ಹಾಗೆ ಕಳೆಯಿತು.

ಮೂರನೆಯ ವಸಂತದಲ್ಲಿ ನರಿ ನಮ್ಮ ಕುರಿಮರಿಗಳನ್ನು ಒಂದಾದ ಮೇಲೊಂದು ಒಯ್ಯತೊಡಗಿತು. ಮೇಲಿನ ಹೊಲದಾಚೆ, ಲಗ್ನಕ್ವಿಲ್ಲಾ ಬೆಟ್ಟದ ಇಳಿಜಾರಿನಲ್ಲಿ, ಕಲ್ಲುಬಂಡೆಗಳ ಅಡಿಯಲ್ಲಿ ಹಳೆಯ ಬ್ಯಾಡ್ಜರ್ ಬಿಲವಿತ್ತು. ಅದಕ್ಕೆ ಬಾಯಿಗಳು ಹಲವು. ನರಿ ಅದರೊಳಗೆ ಸೇರಿಕೊಂಡಿತ್ತು. ವಾರವೆಲ್ಲ ಮಳೆ ಹೊಡೆದು ನಿಂತ ಒಂದು ಬೆಳಿಗ್ಗೆ ಲಾರ್ ನೆಟಲ್‌ನನ್ನು ಕರೆದುಕೊಂಡು ಹೋದ. ಬಿಲದ ಬಾಯಲ್ಲಿ ಕೊರಳಪಟ್ಟಿ ಬಿಚ್ಚಿ, "ಹೋಗು" ಎಂದ.

ಸ್ವಲ್ಪ ಹೊತ್ತಿಗೆ ನರಿ ಬೇರೊಂದು ಬಾಯಿಂದ ಹೊರಟು ಓಡಿಹೋಯಿತು. ನೆಟಲ್ ಬರಲಿಲ್ಲ. ನೆನೆದ ಮಣ್ಣು ಒಳಗೆಲ್ಲೋ ಕುಸಿದಿತ್ತು.

ಮಧ್ಯಾಹ್ನಕ್ಕೆ ಲಾರ್ ಮನೆಗೆ ಬಂದು, "ಸಲಿಕೆ ಕೊಡು ಹುಡುಗಿ. ಜೆಮ್‌ನ ಕಳಿಸು" ಎಂದಷ್ಟೇ ಹೇಳಿ ತಿರುಗಿ ಹೋದ.

ನಾಯಿ ನೆಲದಡಿ ಸಿಕ್ಕಿಕೊಂಡರೆ ನಮ್ಮಲ್ಲಿ ಯಾರೂ ಕರೆಯುವವರೆಗೆ ಕಾಯುವುದಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಣಿವೆಯ ಅರ್ಧ ಗಂಡಸರು ಆ ಇಳಿಜಾರಿನಲ್ಲಿದ್ದರು. ಹಾರೆ, ಪಿಕಾಸಿ, ಸಲಿಕೆ. ನಾನು ಬ್ರೆಡ್ಡು, ಚಹಾದ ಡಬ್ಬಿ ಹೊತ್ತು ಹೋದಾಗ ಯಾರೂ ಅಗೆಯುತ್ತಿರಲಿಲ್ಲ. ಒಂದೊಂದು ಬಂಡೆಯ ಪಕ್ಕ ಒಬ್ಬೊಬ್ಬರು ಬೋರಲು ಮಲಗಿ ಒದ್ದೆ ನೆಲಕ್ಕೆ ಕಿವಿ ಒತ್ತಿದ್ದರು. ದೂರದಿಂದ ನೋಡಿದರೆ ಗುಂಡೇಟು ಬಿದ್ದು ಮಲಗಿದವರ ಹಾಗಿತ್ತು.

ಎಲ್ಲಿ ಅಗೆಯಬೇಕೆಂಬುದೇ ಗೊತ್ತಾಗುತ್ತಿರಲಿಲ್ಲ. ಬಿಲ ಬೆಟ್ಟದೊಳಗೆ ಹತ್ತು ಕಡೆ ಕವಲೊಡೆದಿತ್ತು. ನಡುನಡುವೆ ಬಂಡೆ. ಲಾರ್ ಮೊದಲ ದಿನವೇ ಒಂದು ಕಡೆ ಆಳವಾಗಿ ಅಗೆದಿದ್ದ. ಬಂಡೆ ಅಡ್ಡ ಬಂದಾಗ ಅದನ್ನು ಬಿಟ್ಟು ಮೇಲೆ ಹೋಗಿದ್ದರು. ಅಲ್ಲಿಯೂ ಬಿಟ್ಟು ಪಕ್ಕಕ್ಕೆ ಹೋಗಿದ್ದರು.

"ಒಂದು ಸಲ ಬೊಗಳಿದ್ರೆ ಸಾಕಿತ್ತು" ಎಂದ ಒಬ್ಬ.

"ನಿನ್ನ ಬಾಯಿ ಮುಚ್ಚು" ಎಂದ ಮ್ಯಾಟಿ, ಕಿವಿ ಎತ್ತದೆ. ಆದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದರು.

ಕಣಿವೆಯ ಇನ್ನೊಂದು ಮಗ್ಗುಲಲ್ಲಿ ಸೈನ್ಯದವರ ತೋಪಿನ ಅಭ್ಯಾಸ ನಡೆಯುತ್ತಿತ್ತು. ಒಂದೊಂದು ಸಲ ತೋಪು ಹಾರಿದಾಗಲೂ ನೆಲ ಗುಂಯ್ ಎನ್ನುತ್ತಿತ್ತು. ಜೆಮ್ ಸೈಕಲ್ ಹತ್ತಿ ಅಲ್ಲಿಗೆ ಹೋದ. ಏನು ಹೇಳಿದನೋ. ಅಲ್ಲಿನ ಅಧಿಕಾರಿ, "ನಾಯಿಗಾಗಿಯಾ?" ಎಂದು ಕೇಳಿದನಂತೆ. ಜೆಮ್ ಹೌದೆಂದ. ಅಧಿಕಾರಿ ಸ್ವಲ್ಪ ಯೋಚಿಸಿ, ತನ್ನ ಮನೆಯಲ್ಲೂ ಒಂದಿದೆ ಎಂದು ಹೇಳಿ, ಆ ಮಧ್ಯಾಹ್ನದ ಮಟ್ಟಿಗೆ ತೋಪು ನಿಲ್ಲಿಸಿದ.

ಅಂಥ ನಿಶ್ಶಬ್ದವನ್ನು ನಾನು ಆಮೇಲೆ ಎಂದೂ ಕೇಳಿಲ್ಲ. ತೋಪಿಲ್ಲ, ಸಲಿಕೆಯಿಲ್ಲ, ಮಾತಿಲ್ಲ. ಗಾಳಿಯೂ ನಿಂತಿತ್ತು. ಕೆಳಗೆ ಸ್ಲೇನಿ ಹೊಳೆ ಕಲ್ಲುಗಳ ಮೇಲೆ ಹರಿಯುವುದು ಕೇಳಿಸುತ್ತಿತ್ತು. ಲಾರ್ ಒಂದೊಂದೇ ಬಿಲದ ಬಾಯಿಗೆ ಮುಖವಿಟ್ಟು ಕರೆಯುತ್ತ ಹೋದ. "ನೆಟಲ್. ನೆಟಲ್, ಮಾತಾಡು. ಮಾತಾಡೋ ಮಗಾ. ನಾನಿದ್ದೀನಿ."

ಆ ಮಾತು ಅವನ ಬಾಯಿಂದ ಬಂದ ಕೂಡಲೇ ಅವನಿಗೇ ಹೊಳೆಯಿತು. ಆಮೇಲೆ ಎದ್ದು ನನ್ನ ಹತ್ತಿರ ಬಂದ. ಮುಖಕ್ಕೆಲ್ಲ ಮಣ್ಣು.

"ನೀನು ಕರಿ ಹುಡುಗಿ. ನಾನು ಕರೆದಷ್ಟೂ ಅವನು ಸುಮ್ನಿರ್ತಾನೆ."

ನಾನು ಕರೆದೆ. ಜೆಮ್ ಕರೆದ. ಮ್ಯಾಟಿ ನಾಯಿಯ ಹಾಗೆ ಬೊಗಳಿಯೂ ನೋಡಿದ, ಯಾರೂ ನಗಲಿಲ್ಲ. ಲಾರ್ ದೂರ ಹೋಗಿ, ತನ್ನ ಉಸಿರೂ ಅದಕ್ಕೆ ಕೇಳಿಸಬಾರದೆಂಬಂತೆ, ಬಾಯಿಗೆ ಟೋಪಿ ಒತ್ತಿ ಹಿಡಿದು ನಿಂತಿದ್ದ.

ಇನ್ನೆರಡು ದಿನ ಅಗೆದರು. ಕೊನೆಗೆ, ಮೊದಲು ಬಿಟ್ಟುಹೋದ ಗುಂಡಿಯ ಬಂಡೆಯನ್ನು ನಾಲ್ಕು ಹಾರೆ ಹಾಕಿ ಸರಿಸಿದಾಗ ನೆಟಲ್ ಸಿಕ್ಕಿತು. ಲಾರ್ ಮೊದಲ ದಿನ ಮಂಡಿಯೂರಿ ಅಗೆದ ಜಾಗದಿಂದ ಒಂದು ತೋಳಿನಷ್ಟು ದೂರ. ಬಂಡೆಯ ಒಳಮೈ ತುಂಬ ಉಗುರಿನ ಗೀರು. ಮುಖ ನಮ್ಮ ಕಡೆಗಿತ್ತು. ಜೆಮ್ ಒಳಗೆ ಕೈ ಹಾಕಿ ಎತ್ತಿದವನು ಯಾರ ಮುಖವನ್ನೂ ನೋಡಲಿಲ್ಲ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ಅಂದರೆ ನಾವು ಅಲ್ಲಿ ಕಿವಿಕೊಟ್ಟು ಮಲಗಿದ್ದಾಗ ಅದು ನಮ್ಮನ್ನು ಕೇಳಿಸಿಕೊಳ್ಳುತ್ತಿತ್ತು. ಲಾರ್‌ನ ದನಿ ಕೇಳಿ, ಕಲಿತ ಹಾಗೆ, ಸುಮ್ಮನಿತ್ತು.

ಲಾರ್ ಅದನ್ನು ತನ್ನ ಕೋಟಿನಲ್ಲಿ ಸುತ್ತಿಕೊಂಡು ಮನೆಗೆ ತಂದ. ಹಿತ್ತಿಲಲ್ಲಿ ಹೂತ. ಎಲ್ಲರಿಗೂ ಚಹಾ ಕೊಡಲು ಹೇಳಿದ, ಒಬ್ಬೊಬ್ಬರ ಹತ್ತಿರವೂ ಹೋಗಿ ಉಪಕಾರವಾಯಿತು ಎಂದ. ಅವರೆಲ್ಲ ಹೋದ ಮೇಲೆ ಒಲೆಯ ಮೇಲಿನ ಪತ್ರ ಇಳಿಸಿ ಗೋಡೆಗೆ ಮುಖ ಮಾಡಿ ನೆಲದ ಮೇಲಿಟ್ಟ. ಗುಡಿಸುವಾಗ ಅದನ್ನು ಎಲ್ಲಿ ಎತ್ತಿಡಲಿ ಎಂದು ನಾನು ಕೇಳಲಿಲ್ಲ.

ನೆಟಲ್‌ನ ಒಂದು ಹೆಣ್ಣುಮರಿ ನಮ್ಮಲ್ಲಿ ಉಳಿದಿತ್ತು. ಅದಕ್ಕೂ ಲಾರ್ ಸುಮ್ಮನಿರುವುದನ್ನು ಆಗಲೇ ಕಲಿಸಿದ್ದ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹಾಲು ಕರೆಯಲು ಕೊಟ್ಟಿಗೆಗೆ ಹೋದರೆ ಒಳಗಿನಿಂದ ವಿಚಿತ್ರ ಸದ್ದು. ಸಂದಿಯಿಂದ ನೋಡಿದೆ. ಐವತ್ತರ ಹತ್ತಿರದ ಲಾರ್ ಹುಲ್ಲಿನ ಮೇಲೆ ನಾಲ್ಕು ಕಾಲಾಗಿ ಕೂತು ಬೊಗಳುತ್ತಿದ್ದ. ಎದುರಿಗೆ ಮರಿ, ತಲೆ ಓರೆ ಮಾಡಿ ಅವನನ್ನೇ ನೋಡುತ್ತಿತ್ತು. ಅವನು ಬೊಗಳಿ, ನಿಲ್ಲಿಸಿ, ಕಾಯುತ್ತಿದ್ದ. ಮರಿ ಬಾಲ ಅಲ್ಲಾಡಿಸುತ್ತಿತ್ತು. ಮತ್ತೆ ಬೊಗಳುತ್ತಿದ್ದ.

ನಾನು ಹಾಲಿನ ಬಕೆಟ್ ಹಿಡಿದು ಹಿಂದಕ್ಕೆ ಬಂದೆ. ಜೆಮ್ ಕೇಳಿದ, "ಹಾಲೆಲ್ಲಿ?"

"ಆಮೇಲೆ ಕರೀತೀನಿ. ನಿಮ್ಮಣ್ಣ ಕೆಲಸದಲ್ಲಿದ್ದಾನೆ."

ಅದು ಮುಚ್ಚಿಡುವ ಸಂಗತಿಯಾಗಿ ಬಹಳ ದಿನ ಉಳಿಯಲಿಲ್ಲ. ದಾರಿಯಲ್ಲಿ ಹೋಗುವವರು ಗೇಟಿನಲ್ಲಿ ನಿಂತು, "ಲಾರ್, ಇವತ್ತು ಸರಪಳಿ ಯಾರಿಗೆ ಹಾಕಿದ್ದಾರೆ, ನಿನಗೋ ಅದಕ್ಕೋ?" ಎಂದು ಕೇಳುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ. ಶರತ್ಕಾಲದ ಹೊತ್ತಿಗೆ ಮರಿ ಕಲಿಯಿತು, ಆದರೆ ಅವನು ಬೊಗಳಿದರೆ ಮಾತ್ರ ಬೊಗಳುತ್ತಿತ್ತು, ಆಟದ ಹಾಗೆ. ತಾನಾಗಿ ಎಂದೂ ಬೊಗಳಲಿಲ್ಲ. ಅದನ್ನು ಅವನು ಬಿಲದ ಹತ್ತಿರಕ್ಕೂ ಬಿಡಲಿಲ್ಲ. ಅದು ಮುದಿಯಾಗಿ ಒಲೆ ಮುಂದೆಯೇ ಸತ್ತಿತು. ಬೇರೆ ನಾಯಿ ಅವನು ಸಾಕಲಿಲ್ಲ.

ವರ್ಷಗಳು ಕಳೆದವು. ಮ್ಯಾಟಿ ಟೂಲ್‌ಗೆ ಮಂಡಿ ಬಗ್ಗದಂತಾಯಿತು. ಮಣ್ಣಿಗೆ ಕಿವಿ ಕೊಡುವ ಕೆಲಸಕ್ಕೆ ಯಾರು ಎಂಬ ಮಾತು ಬಂದಾಗ ಎಲ್ಲರೂ ನೆಟಲ್‌ನ ಯಜಮಾನನ ಹೆಸರನ್ನೇ ಹೇಳಿದರು. ಅದು ಕಣಿವೆಯಲ್ಲಿ ದೊಡ್ಡ ಗೌರವ. ಲಾರ್ ಒಪ್ಪಲಾರನೆಂದು ನಾನು ತಿಳಿದಿದ್ದೆ. ಅವನು ಬೆಂಕಿ ಕೆದಕುತ್ತ, "ಆಗಲಿ" ಎಂದ.

ಆ ವರ್ಷ ಕಾನ್ ಡೋರನ್ ಎಂಬುವವನ ನಾಯಿಯ ಮೇಲೆ ಎಲ್ಲರ ಕಣ್ಣಿತ್ತು. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಹೊಳೆಯಾಚೆ ಸಣ್ಣ ಹೊಲ. ನಾಯಿ ನೆಟಲ್‌ಗಿಂತ ಬಲವಾಗಿತ್ತು. ಅದು ಬಿಲದೊಳಗೆ ಇಳಿಯಿತು. ಲಾರ್ ಬೋರಲು ಮಲಗಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಬೊಗಳು ಬಂತು. ಮಣ್ಣಿನಡಿಯಿಂದ ಬಂದದ್ದಾದರೂ ಸ್ಪಷ್ಟವಾದ, ಗಂಟಲು ತುಂಬಿದ ಬೊಗಳು. ಬೇಲಿಯ ಹೊರಗಿದ್ದ ನನಗೂ ಕೇಳಿಸಿತು. ಕಾನ್ ಕಣ್ಣು ಮುಚ್ಚಿಕೊಂಡ. ನಾವೆಲ್ಲ ಲಾರ್‌ನ ಕೈ ನೋಡಿದೆವು.

ಕೈ ಏಳಲಿಲ್ಲ. ಲಾರ್ ಕೆನ್ನೆಯನ್ನು ಮಣ್ಣಿಗೆ ಇನ್ನಷ್ಟು ಒತ್ತಿದ. ನಾಯಿ ಮತ್ತೊಮ್ಮೆ ಬೊಗಳಿತು. ಆಮೇಲೆ ಬ್ಯಾಡ್ಜರನ್ನು ಎಳೆದುಕೊಂಡು ಬಂತು.

ಗಡಿಯಾರದವನು ಕೇಳಿದ, "ಲಾರ್, ಏನಾದ್ರೂ ಕೇಳಿಸ್ತಾ?"

"ಇಲ್ಲ."

ಕುರ್ಚಿಯಲ್ಲಿ ಕೂತಿದ್ದ ಮ್ಯಾಟಿ ಕೋಲು ನೆಲಕ್ಕೆ ಕುಟ್ಟಿದ. "ಡೊನಾರ್ಡ್ ಊರಿನ ತನಕ ಕೇಳಿಸಿರತ್ತೆ ಕಣೋ ಅದು. ನನ್ನ ಹೆಂಡತಿ ಹೇಳೋ ಪ್ರಕಾರ ನಾನು ಕಿವುಡ. ನನಗೇ ಕೇಳಿಸ್ತು."

"ನನಗೆ ಕೇಳಿಸ್ಲಿಲ್ಲ" ಎಂದ ಲಾರ್.

ಕಿವಿ ಕೊಟ್ಟವನ ಮಾತೇ ಕೊನೆಯ ಮಾತು. ಕಾನ್‌ಗೆ ದೊಡ್ಡ ಪತ್ರ ಕೊಟ್ಟರು. ಚಪ್ಪಾಳೆ ಹೊಡೆದವರು ಇಬ್ಬರೋ ಮೂವರೋ. ಮನೆಗೆ ಬರುವ ದಾರಿಯಲ್ಲಿ ಜೆಮ್, "ಯಾಕಣ್ಣಾ?" ಎಂದು ಒಮ್ಮೆ ಕೇಳಿದ. ಲಾರ್ ಮುಂದೆ ನಡೆದ. ಅವನ ನಡಿಗೆ ಹಗುರವಾಗಿತ್ತು. ಒಳ್ಳೆಯದೊಂದನ್ನು ಮಾಡಿದೆ ಎಂದು ಅವನು ನಂಬಿದ್ದ. ಬೊಗಳುವ ಒಂದು ನಾಯಿಗೆ ಪತ್ರ ಸಿಕ್ಕರೆ, ಮುಂದೆ ಯಾರೂ ಮರಿಯ ಬಾಯಿ ಮುಚ್ಚಲಿಕ್ಕಿಲ್ಲ ಎಂದು.

ಹಾಗಾಗಲಿಲ್ಲ. ವಾರ ಕಳೆದ ಮೇಲೆ ಕಾನ್ ನಮ್ಮ ಮನೆಗೆ ಬಂದ. ಟೋಪಿ ತೆಗೆಯಲಿಲ್ಲ, ಕೂರಲಿಲ್ಲ. ನಾನಿಟ್ಟ ಚಹಾ ಮುಟ್ಟಲಿಲ್ಲ. ಪತ್ರವನ್ನು ಮೇಜಿನ ಮೇಲಿಟ್ಟ.

"ಇದು ನಿಮ್ಮ ಹತ್ರಾನೇ ಇರಲಿ ಲಾರ್."

"ಯಾಕಪ್ಪಾ?"

"ಯಾಕೆ ಅಂತೀರಾ? ಅಂಗಡಿಗೆ ಹೋದ್ರೆ, 'ಬಾ ಕಾನ್, ಕಿವುಡನ ನಾಯಿ ಹೇಗಿದೆ' ಅಂತಾರೆ. ಸೋತಿದ್ರೆ ಒಂದು ವರ್ಷ ನಗ್ತಿದ್ರು, ಮುಂದಿನ ವರ್ಷ ನಾನು ಇನ್ನೊಂದು ನಾಯಿ ತರ್ತಿದ್ದೆ. ಈಗ ನಾನು ಏನು ಗೆದ್ರೂ ಯಾರೋ ಕೊಟ್ಟಿದ್ದು ಅಂತಾರೆ. ನಾನು ನಿಮ್ಮನ್ನ ಕೇಳಿದ್ನಾ?"

ಲಾರ್ ಎದ್ದು ನಿಂತಿದ್ದವನು ಮೇಜಿನ ಅಂಚು ಹಿಡಿದುಕೊಂಡ. ತನ್ನಪ್ಪ ಕೊನೆಯ ಉಸಿರಿನವರೆಗೆ ಹೊತ್ತದ್ದನ್ನು ತನ್ನ ಕೈಯಾರೆ ಇನ್ನೊಬ್ಬನ ಹೆಗಲಿಗೆ ಹೊರಿಸಿದ್ದು ಅವನಿಗೆ ಆಗ ಕಂಡಿತು. ಅವನ ಮುಖವನ್ನು ನಾನು ನೋಡಲಾರದೆ ಒಲೆಗೆ ಉರುವಲಿನ ಟರ್ಫ್ ಹೆಂಟೆ ಹಾಕಲು ಬಗ್ಗಿದೆ.

"ಇಲ್ಲ, ನೀನು ಕೇಳ್ಲಿಲ್ಲ" ಎಂದ. "ತಪ್ಪಾಯ್ತು ಕಾನ್. ನಾನು ಹೋಗಿ ಹೇಳ್ತೀನಿ ಅವರಿಗೆ, ಕೇಳಿಸಿತ್ತು ಅಂತ."

"ಹೇಳಿ ಏನು ಬಂತು ಈಗ? ಸುಳ್ಳ ಅನ್ನೋ ಹೆಸರು ನಿಮಗೂ ಬರತ್ತೆ. ಅಷ್ಟೇ."

ಆದರೂ ಅವನು ಹೋಗಿ ಹೇಳಿದ, ಮುಂದಿನ ಭಾನುವಾರ, ಪೂಜೆ ಮುಗಿದು ಎಲ್ಲರೂ ಗೋಡೆಯ ಹತ್ತಿರ ನಿಂತಿದ್ದಾಗ. ಯಾರೂ ನಗಲಿಲ್ಲ. ಮತ್ತೆ ಅವನನ್ನು ಯಾವುದಕ್ಕೂ ಕರೆಯಲಿಲ್ಲ. ಅವನು ಮೊದಲಿನ ಹಾಗೆ ಹಿಂದಿನ ಬೆಂಚಿಗೆ ಹೋಗಿ ಕೂತ, ಸಾಯುವವರೆಗೂ ಅಲ್ಲೇ ಕೂತ. ಆ ಪರೀಕ್ಷೆಗಳೂ ಕೆಲವು ವರ್ಷಗಳಲ್ಲಿ ನಿಂತುಹೋದವು. ಈಗ ನಮ್ಮ ನಾಯಿಗಳು ಕೂದಲು ಬಾಚಿಸಿಕೊಂಡು ಡಬ್ಲಿನ್ನಿನ ಪ್ರದರ್ಶನಕ್ಕೆ ಹೋಗುತ್ತವೆ, ಬೇಕಾದಾಗ ಬೊಗಳುತ್ತವೆ. ಲಾರ್ ತೀರಿಕೊಂಡಾಗ ಅವನ ಶವಪೆಟ್ಟಿಗೆಯ ಸುತ್ತ ಕೂತವರು ನೆಟಲ್‌ನ ಪರೀಕ್ಷೆಯ ದಿನವನ್ನು ಮಾತ್ರ ನೆನೆದರು. ಒಳ್ಳೆಯ ಮನಸ್ಸಿನಿಂದಲೇ ನೆನೆದರು.

ನನಗೆ ನೆನಪಾಗುವುದು ಕಾನ್ ಬಂದಿದ್ದ ಆ ಸಂಜೆ. ಅವನು ಬಾಗಿಲ ತನಕ ಹೋಗಿದ್ದ. ಲಾರ್ ಹಿಂದಿನಿಂದ ಕರೆದ.

"ಕಾನ್, ಒಂದು ಮಾತು. ನಿನ್ನ ನಾಯಿ ಅವತ್ತು ಒಳಗೆ ಬೊಗಳಿದಾಗ ನೀನು ಎಲ್ಲಿ ನಿಂತಿದ್ದೆ?"

ಕಾನ್‌ಗೆ ರೇಗಿತು. "ಹೊಳೆ ಕಡೆ, ಆ್ಯಶ್ ಮರದ ಕೆಳಗೆ. ಯಾಕೆ?"

"ಅಷ್ಟು ದೂರಕ್ಕೂ ಕೇಳಿಸ್ತಾ?"

"ಚೆನ್ನಾಗಿ ಕೇಳಿಸ್ತು."

"ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿತ್ತಾ?"

ಕಾನ್ ಲಾರ್‌ನ ಮುಖವನ್ನೇ ನೋಡಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗೊತ್ತಾಗ್ತಿತ್ತು" ಎಂದ. "ಎಡಗಡೆ ಬಂಡೆ ಕೆಳಗಿಂದ. ನೇರವಾಗಿ ಹೋಗಿ ಅಗೀಬಹುದಿತ್ತು."